ಕ್ಯಾಂಪಿನ ಮಾತು
ಅತ್ತಿವೇರಿಗೆ ಹಕ್ಕಿ ನೋಡಲು ಬಂದವರು ಮುಂಡಗೋಡಿನ ಟಿಬೆಟಿಯನ್ ಕ್ಯಾಂಪುಗಳಿಗೂ ಹೋಗಿ, ಮೊಮೊ ತಿಂದು ಮರಳುತ್ತಾರೆ. ಅಲ್ಲಿನ ಮಾತಿಗೆ ಕಿವಿಗೊಡುವವರು ಕಡಿಮೆ. ಈ ನೆಲೆ ಶುರುವಾದದ್ದು 1966ರಲ್ಲಿ. ದೇಶ ಬಿಟ್ಟು ಬಂದ ಖಾಮ್, ಆಮ್ದೊ, ಲ್ಹಾಸಾ ಕಡೆಯವರಿಗೆ ಒಬ್ಬರ ಆಡುನುಡಿ ಇನ್ನೊಬ್ಬರಿಗೆ ಸಲೀಸಾಗಿ ತಿಳಿಯುತ್ತಿರಲಿಲ್ಲ. ಲ್ಹಾಸಾ ನುಡಿಯ ಸುತ್ತ ಎಲ್ಲರಿಗೂ ಸಲ್ಲುವ ಮಾತೊಂದು ಬೆಳೆಯಿತು. ಇಲ್ಲಿನ ಡ್ರೆಪುಂಗ್, ಗಂದೆನ್ ಮಠಗಳ ಪಾಠಕ್ಕೆ ಮಾತ್ರ ಹಳೆಯ ಗ್ರಾಂಥಿಕ ಟಿಬೆಟಿಯನ್ ನುಡಿಯೇ ಬೇಕು. ಉತ್ತರ ಅಮೆರಿಕದ ಹಟರೈಟರೆಂಬ ಕ್ರೈಸ್ತ ಪಂಗಡದವರದೂ ಹೆಚ್ಚುಕಡಿಮೆ ಇದೇ ಏರ್ಪಾಡು: ಪ್ರಾರ್ಥನೆಗೆ ಗ್ರಾಂಥಿಕ ಜರ್ಮನ್, ಮನೆಗೆ ಆಸ್ಟ್ರಿಯಾದ ಕರಿಂಥಿಯಾ ಸೀಮೆಯ ಆಡುನುಡಿ. ಸ್ವಾರಸ್ಯವೆಂದರೆ, ಆ ಆಡುನುಡಿ ಅವರ ಮೂಲಪುರುಷರದಲ್ಲ. 18ನೇ ಶತಮಾನದಲ್ಲಿ ಟ್ರಾನ್ಸಿಲ್ವೇನಿಯಾದಲ್ಲಿ ಬಂದು ಸೇರಿದ, ಕರಿಂಥಿಯಾದಿಂದ ಗಡಿಪಾರಾದವರದು. ಹಟರೈಟರು ಹೊಲ, ಹಣ, ಊಟ ಎಲ್ಲವನ್ನೂ ಒಟ್ಟಿಗಿಟ್ಟು ಕಾಲೊನಿಯಲ್ಲೇ ಉಳಿದರು, ಮಾತೂ ಉಳಿಯಿತು. ಮುಂಡಗೋಡಿನ ಹುಡುಗರೋ ಬೆಂಗಳೂರು, ಕೆನಡಾ ಎಂದು ಹೊರಟಿದ್ದಾರೆ.