ವಠಾರಕ್ಕೆ ಒಂದೇ ಬಾವಿ

ಎಂಜಿನಿಯರಿಂಗೋ ಡಿಪ್ಲೊಮಾವೋ ಮುಗಿಸಿ ಸಣ್ಣ ಸಂಸ್ಥೆಯೊಂದಕ್ಕೆ ಸೇರಿದ ಹುಡುಗ ಹುಡುಗಿಯರಿಗೆ ಕೆಲವೇ ತಿಂಗಳಲ್ಲಿ ಮಾಲೀಕರಿಂದ ಒಂದು ಪ್ರಶ್ನೆ ಬರುವುದುಂಟು. ‘ನಮ್ಮ ಎರಡು ಸರ್ವರುಗಳಿಗೂ ಸೇರಿ ಒಂದೇ ಡಿಸ್ಕಿನ ಪೆಟ್ಟಿಗೆ ತರಬೇಕಂತೆ. ಯಾವುದು ತರೋಣ, ನೀವೇ ನೋಡಿ ಹೇಳಿ.’ ಪಠ್ಯಪುಸ್ತಕದಲ್ಲಿ ಇದಕ್ಕೆ ನೇರ ಉತ್ತರ ಸಿಗುವುದಿಲ್ಲ. ಮಾರುವವರ ಉತ್ತರದಲ್ಲಿ ಬೆಲೆಯೇ ಹೆಚ್ಚು. ಈ ವಾರ ಅದನ್ನೇ ಬಿಡಿಸಿ ನೋಡೋಣ.

ಮೊದಲಿಗೆ, ವರ್ಚುವಲ್ ಸರ್ವರು ಎಂದರೇನು? ನಮ್ಮ ಹಳೆಯ ವಠಾರಗಳನ್ನು ನೆನೆಸಿಕೊಳ್ಳಿ. ಹೊರಗಿನಿಂದ ಒಂದೇ ಕಟ್ಟಡ. ಒಳಗೆ ಐದಾರು ಸಂಸಾರ, ಪ್ರತಿಯೊಂದಕ್ಕೂ ಬೇರೆ ಬಾಗಿಲು, ಬೇರೆ ಒಲೆ. ಹಾಗೆಯೇ ಒಂದೇ ಕಂಪ್ಯೂಟರಿನೊಳಗೆ ಲೆಕ್ಕಪತ್ರಕ್ಕೊಂದು, ಇ-ಮೇಲಿಗೊಂದು, ಹಾಜರಾತಿಗೊಂದು ಎಂದು ಹಲವು ‘ಕಂಪ್ಯೂಟರು’ಗಳನ್ನು ತಂತ್ರಾಂಶದ ಮೂಲಕ ಸೃಷ್ಟಿಸಬಹುದು. ಇದು ಹೊಸ ವಿದ್ಯೆಯೇನಲ್ಲ. ಐಬಿಎಂ ಸಂಸ್ಥೆ 1972ರಲ್ಲೇ ತನ್ನ ದೈತ್ಯ ಯಂತ್ರಗಳಿಗಾಗಿ ವಿಎಂ/370 ಎಂಬ ವ್ಯವಸ್ಥೆಯನ್ನು ಪ್ರಕಟಿಸಿತ್ತು. 2001ರಲ್ಲಿ ವಿಎಂವೇರ್ ಇಂಥದೇ ಸೌಲಭ್ಯವನ್ನು ಸಾಧಾರಣ ಸರ್ವರುಗಳಿಗೂ ತಂದುಕೊಟ್ಟಿತು.

ಈ ವಠಾರದ ಕಟ್ಟಡವೇ ಕುಸಿದರೆ? ಅದಕ್ಕಾಗಿಯೇ ಎರಡನೆಯ ಸರ್ವರು. ಆದರೆ ಮಾಹಿತಿಯೆಲ್ಲ ಮೊದಲನೆಯ ಸರ್ವರಿನ ಡಿಸ್ಕಿನಲ್ಲೇ ಇದ್ದರೆ ಎರಡನೆಯದು ಏನು ಮಾಡೀತು? ಹಾಗಾಗಿ ಡಿಸ್ಕುಗಳನ್ನು ಹೊರಗೆ ತೆಗೆದು, ಇಬ್ಬರಿಗೂ ಸಮಾನವಾದ ಒಂದು ಪೆಟ್ಟಿಗೆಯಲ್ಲಿ ಇಡುತ್ತಾರೆ. ಒಂದು ಸರ್ವರು ಕೆಟ್ಟರೆ ಅದರೊಳಗಿನ ಸಂಸಾರಗಳು ಕೆಲವೇ ನಿಮಿಷಗಳಲ್ಲಿ ಇನ್ನೊಂದರಲ್ಲಿ ಒಲೆ ಹಚ್ಚುತ್ತವೆ. ಇದೇ ಹಂಚಿಕೆಯ ಸಂಗ್ರಹಣೆ. ಎರಡು ವಠಾರಗಳ ನಡುವಿನ ಬಾವಿ.

ಬಾವಿಗೆ ದಾರಿ ಮೂರು ಬಗೆ. ಒಂದು, ನ್ಯಾಸ್: ಸಾಮಾನ್ಯ ನೆಟ್‌ವರ್ಕ್ ತಂತಿಯ ಮೂಲಕ ಕಡತಗಳನ್ನು ಕಡತಗಳಾಗಿಯೇ ಕೊಡುವ ಪೆಟ್ಟಿಗೆ. ಸನ್ ಮೈಕ್ರೋಸಿಸ್ಟಮ್ಸ್ 1984ರಲ್ಲಿ ರೂಪಿಸಿದ ಎನ್‌ಎಫ್‌ಎಸ್ ಪದ್ಧತಿ ಇಲ್ಲಿ ಇಂದಿಗೂ ಬಳಕೆಯಲ್ಲಿದೆ. ಎರಡು, ಸ್ಯಾನ್: ಇಲ್ಲಿ ಸರ್ವರಿಗೆ ಹೊರಗಿನ ಡಿಸ್ಕು ತನ್ನದೇ ಡಿಸ್ಕಿನಂತೆ ಕಾಣುತ್ತದೆ. 2004ರಲ್ಲಿ ಪ್ರಕಟವಾದ ಐ-ಸ್ಕಸಿ ಎಂಬ ಮಾನಕ ಇದನ್ನು ಸಾಮಾನ್ಯ ತಂತಿಯಲ್ಲೇ ಸಾಧ್ಯವಾಗಿಸಿತು. ಮೂರು, ಪೆಟ್ಟಿಗೆಯಿಂದ ಎರಡೂ ಸರ್ವರುಗಳಿಗೆ ನೇರವಾಗಿ ತಂತಿ ಎಳೆಯುವುದು. ಎರಡೇ ಸರ್ವರು ಇರುವ ಕಚೇರಿಗೆ ಇದು ಸರಳ.

ಕೊಳ್ಳುವಾಗ ಹೆಚ್ಚಿನವರು ಕೇಳುವುದು ‘ಎಷ್ಟು ಟೆರಾಬೈಟು?’ ಎಂದು. ಕೇಳಬೇಕಾದದ್ದು ಇನ್ನೊಂದು. ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕು ಸೆಕೆಂಡಿಗೆ 120 ಸುತ್ತು ಹಾಕುತ್ತದೆ. ಬೇಕಾದ ಜಾಗ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ 4 ಮಿಲಿಸೆಕೆಂಡಿಗೂ ಸ್ವಲ್ಪ ಹೆಚ್ಚು. ಮುಳ್ಳು ಸರಿದಾಡಲು ಇನ್ನೊಂದು 8 ಮಿಲಿಸೆಕೆಂಡು ಸೇರಿಸಿ. ಸೆಕೆಂಡಿಗೆ ಸುಮಾರು 80 ಸಲ ಮಾತ್ರ ಅದು ಬೇರೆ ಬೇರೆ ಜಾಗಕ್ಕೆ ಹೋಗಿಬರಬಲ್ಲದು! ಒಬ್ಬರೇ ಬಳಸುವಾಗ ಇದು ಸಾಕು. ಐದಾರು ಸಂಸಾರಗಳು ಒಂದೇ ಸಲ ಕೊಡ ಇಳಿಬಿಟ್ಟಾಗ ನೀರು ಇದ್ದರೂ ಸರದಿ ಬೆಳೆಯುತ್ತದೆ. ತಿರುಗುವ ಭಾಗಗಳೇ ಇಲ್ಲದ ಎಸ್‌ಎಸ್‌ಡಿ ಇದೇ ಕೆಲಸವನ್ನು ಸೆಕೆಂಡಿಗೆ ಸಾವಿರಾರು ಸಲ ಮಾಡುತ್ತದೆ. ತಂತಿಯ ಲೆಕ್ಕವನ್ನೂ ಮರೆಯಬೇಡಿ. ಒಂದು ಗಿಗಾಬಿಟ್ ತಂತಿಯಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 125 ಮೆಗಾಬೈಟು ಹರಿದೀತು. ಹಗ್ಗ ಸಣ್ಣದಾದರೆ ದೊಡ್ಡ ಕೊಡ ಕಟ್ಟಿ ಪ್ರಯೋಜನವಿಲ್ಲ.

ಮುಂದಿನದು ಸುರಕ್ಷೆ. ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಬರ್ಕ್ಲಿಯ ಮೂವರು 1988ರಲ್ಲಿ ರೇಡ್ ಎಂಬ ಉಪಾಯವನ್ನು ಪ್ರಕಟಿಸಿದರು. ಅಗ್ಗದ ಹಲವು ಡಿಸ್ಕುಗಳನ್ನು ಜೋಡಿಸಿ, ಒಂದು ಸತ್ತರೂ ಉಳಿದವುಗಳಿಂದ ಮಾಹಿತಿಯನ್ನು ಮತ್ತೆ ಕಟ್ಟಿಕೊಳ್ಳುವ ಏರ್ಪಾಡು ಅದು. 4 ಟೆರಾಬೈಟಿನ ನಾಲ್ಕು ಡಿಸ್ಕುಗಳನ್ನು ರೇಡ್-5ರಲ್ಲಿ ಜೋಡಿಸಿದರೆ 12 ಟೆರಾಬೈಟು ಬಳಕೆಗೆ ಸಿಗುತ್ತದೆ. ಒಂದು ಡಿಸ್ಕು ಸಾಯಬಹುದು. ರೇಡ್-6ರಲ್ಲಿ ಸಿಗುವುದು 8. ಯಾವುದೇ ಎರಡು ಸಾಯಬಹುದು. ಎರಡಕ್ಕೆ ಯಾಕಿಷ್ಟು ಬೆಲೆ ತೆರಬೇಕು? 12 ಟೆರಾಬೈಟಿನ ದೊಡ್ಡ ಡಿಸ್ಕೊಂದನ್ನು ಬದಲಿಸಿ, ಸೆಕೆಂಡಿಗೆ 200 ಮೆಗಾಬೈಟಿನಂತೆ ಎಡೆಬಿಡದೆ ಬರೆದರೂ ತುಂಬಲು 60,000 ಸೆಕೆಂಡು, ಅಂದರೆ ಸುಮಾರು 17 ಗಂಟೆ ಬೇಕು. ಅಷ್ಟು ಹೊತ್ತೂ ಉಳಿದ ಡಿಸ್ಕುಗಳಿಗೆ ಬಿಡುವಿಲ್ಲದ ದುಡಿಮೆ. ಅವೂ ಅದೇ ದಿನ ಕೊಂಡವು, ಅದೇ ವಯಸ್ಸಿನವು!

ಇಷ್ಟೆಲ್ಲ ಮಾಡಿದ ಮೇಲೆ ‘ಇನ್ನು ಚಿಂತೆಯಿಲ್ಲ’ ಎಂದುಕೊಳ್ಳುವುದೇ ದೊಡ್ಡ ಅಪಾಯ. 1998ರಲ್ಲಿ ‘ಟಾಯ್ ಸ್ಟೋರಿ 2’ ಚಿತ್ರ ತಯಾರಾಗುತ್ತಿದ್ದಾಗ ಪಿಕ್ಸಾರ್ ಸಂಸ್ಥೆಯಲ್ಲಿ ಯಾರೋ ಕೊಟ್ಟ ಒಂದು ಅಳಿಸುವ ಆಜ್ಞೆಯಿಂದ ಚಿತ್ರದ ಕಡತಗಳು ಒಂದೊಂದಾಗಿ ಮಾಯವಾಗತೊಡಗಿದವು. ಬ್ಯಾಕಪ್ ಇದೆಯಲ್ಲ ಎಂದು ನೋಡಿದರೆ ಅದೂ ಸರಿಯಾಗಿ ಆಗುತ್ತಿರಲಿಲ್ಲ. ಆಗ ತಾನೇ ತಾಯಿಯಾಗಿದ್ದ ಗೇಲಿನ್ ಸುಸ್ಮನ್ ಎಂಬ ತಂತ್ರಜ್ಞೆ ಮನೆಯಿಂದ ಕೆಲಸ ಮಾಡಲೆಂದು ಇಟ್ಟುಕೊಂಡಿದ್ದ ಪ್ರತಿಯೇ ಅವರನ್ನು ಉಳಿಸಿತು. ಡಿಸ್ಕುಗಳೇನೂ ಕೆಟ್ಟಿರಲಿಲ್ಲ, ನೋಡಿ. ಅಳಿಸು ಎಂದರೆ ರೇಡ್ ಎಲ್ಲ ಡಿಸ್ಕುಗಳಿಂದಲೂ ನಿಷ್ಠೆಯಿಂದ ಅಳಿಸುತ್ತದೆ. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ಇಂದಿನ ಕುತಂತ್ರಾಂಶಗಳ ಮುಂದೆಯೂ ಅದರದು ಇದೇ ಕಥೆ.

ಹಾಗಾದರೆ ಮಾಲೀಕರಿಗೆ ಏನು ಹೇಳಬೇಕು? ಬಾವಿ ಹೂತುಹೋದರೆ ಎರಡು ವಠಾರಗಳೂ ಒಟ್ಟಿಗೆ ಬಾಯಾರುತ್ತವೆ ಎಂದು ಮೊದಲೇ ತಿಳಿಸಿ. ಸರ್ವರು ಎರಡಾದರೂ ಪೆಟ್ಟಿಗೆ ಒಂದೇ. ಆದ್ದರಿಂದ ಅದರಲ್ಲಿ ನಿಯಂತ್ರಕಗಳು ಎರಡು, ವಿದ್ಯುತ್ ಪೂರೈಕೆ ಎರಡು ಇರಬೇಕು. ಹೊರಗೆ ಯುಪಿಎಸ್, ಕಪಾಟಿನಲ್ಲಿ ಒಂದು ಬಿಡಿ ಡಿಸ್ಕು ಬೇಕು. ಕೆಟ್ಟರೆ ಎಷ್ಟು ದಿನದಲ್ಲಿ ಬಿಡಿಭಾಗ ನಿಮ್ಮ ಊರಿಗೆ ಬರುತ್ತದೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ಇದಕ್ಕೆಲ್ಲ ಹಣ ಸಾಲದೆ? ಹಾಗಿದ್ದರೆ ಪೆಟ್ಟಿಗೆಯೇ ಬೇಡ. ಸರ್ವರುಗಳಲ್ಲೇ ಡಿಸ್ಕು ಹಾಕಿ, ಹತ್ತು ಹದಿನೈದು ನಿಮಿಷಕ್ಕೊಮ್ಮೆ ಒಂದರಿಂದ ಇನ್ನೊಂದಕ್ಕೆ ನಕಲಾಗುವಂತೆ ಮಾಡಿ. ಅಷ್ಟು ನಿಮಿಷದ ಕೆಲಸ ಕಳೆದುಹೋದರೆ ತಡೆದುಕೊಳ್ಳಬಲ್ಲ ಕಚೇರಿಗೆ ಇದೇ ಲೇಸು. ಯಾವ ದಾರಿ ಹಿಡಿದರೂ ಬ್ಯಾಕಪ್ಪಿನ ಹಣವನ್ನು ಮೊದಲು ತೆಗೆದಿಡಿ: ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ. ತಿಂಗಳಿಗೊಮ್ಮೆ ಆ ಪ್ರತಿಯಿಂದ ಮಾಹಿತಿ ನಿಜವಾಗಿಯೂ ಮರಳಿ ಬರುತ್ತದೆಯೇ ಎಂದು ಪರೀಕ್ಷಿಸಿ. ಪರೀಕ್ಷಿಸದ ಬ್ಯಾಕಪ್ ಬರೀ ನಂಬಿಕೆ.

ತಂದೆತಾಯಿಯರಿಗೂ ಒಂದು ಮಾತು. ಮಕ್ಕಳು ಹಳೆಯ ಕಂಪ್ಯೂಟರು ಎರಡು ಮೂರು ಜೋಡಿಸಿಕೊಂಡು ಕೂತರೆ ಗದರಬೇಡಿ. ಪ್ರಾಕ್ಸ್‌ಮಾಕ್ಸ್‌ನಂಥ ಉಚಿತ ತಂತ್ರಾಂಶ ಹಾಕಿ, ಒಂದನ್ನು ಬಾವಿಯಾಗಿಸಿ, ಉಳಿದೆರಡನ್ನು ವಠಾರವಾಗಿಸಿ ಈ ಪಾಠವನ್ನೆಲ್ಲ ಮನೆಯಲ್ಲೇ ಕಲಿಯಬಹುದು. ಮಕ್ಕಳೇ, ಎಲ್ಲವೂ ನಡೆಯುತ್ತಿರುವಾಗ ಬೇಕೆಂದೇ ಒಂದು ತಂತಿ ಕಿತ್ತು ನೋಡಿ. ಮತ್ತೆ ಎದ್ದು ನಿಲ್ಲಲು ಎಷ್ಟು ನಿಮಿಷ ಹಿಡಿಯಿತೆಂದು ಬರೆದಿಡಿ. ನಾಳೆ ಮಾಲೀಕರು ಕೇಳಿದಾಗ ನಿಮ್ಮ ಉತ್ತರದಲ್ಲಿ ಬೆಲೆಯ ಜೊತೆಗೆ ಆ ನಿಮಿಷಗಳೂ ಇರುತ್ತವೆ.