ಆರೋಗ್ಯ ಶಿಬಿರ ಮುಗಿದ ಮೇಲೆ ಏನು?

ವರ್ಷಕ್ಕೊಮ್ಮೆ ಒಂದು ಭಾನುವಾರ ಬೆಳಿಗ್ಗೆ ಸಂಘದ ಸಭಾಗೃಹದಲ್ಲಿ ಉಚಿತ ಆರೋಗ್ಯ ತಪಾಸಣಾ ಶಿಬಿರ ಜರಗುತ್ತದೆ. ಗಣ್ಯರು ದೀಪ ಬೆಳಗಿಸುತ್ತಾರೆ, ವೈದ್ಯರಿಗೆ ಶಾಲು ಹೊದಿಸಿ ಪುಷ್ಪಗುಚ್ಛ ನೀಡಲಾಗುತ್ತದೆ. ರಕ್ತದೊತ್ತಡ, ಸಕ್ಕರೆ, ಇಸಿಜಿ, ಕಣ್ಣು ಎಂದು ಒಂದೊಂದು ಮೇಜಿನ ಮುಂದೆಯೂ ಸಾಲು ನಿಲ್ಲುತ್ತದೆ. ಉಪಾಹಾರದ ವ್ಯವಸ್ಥೆಯೂ ಇರುತ್ತದೆ. ಎರಡು ದಿನ ಕಳೆದ ಮೇಲೆ ಛಾಯಾಚಿತ್ರದೊಂದಿಗೆ ವರದಿ ಪ್ರಕಟವಾಗುತ್ತದೆ: ಇಷ್ಟು ಮಂದಿ ಶಿಬಿರದ ಪ್ರಯೋಜನ ಪಡೆದರು ಎಂದು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಹೀಗೆ ಕನ್ನಡಿಗರು ನೆಲೆಸಿದ ನಗರಗಳಲ್ಲೆಲ್ಲ ಸಂಘಗಳು ನಡೆಸುತ್ತ ಬಂದಿರುವ ಈ ಸೇವೆ ಶ್ಲಾಘನೀಯ ಎನ್ನುವುದರಲ್ಲಿ ಎರಡು ಮಾತಿಲ್ಲ.

ಆದರೆ ಆ ವರದಿಯಲ್ಲಿ ಎಂದೂ ಕಾಣಿಸದ ಒಂದು ಸಂಖ್ಯೆ ಇದೆ. ರಕ್ತದೊತ್ತಡ ಹೆಚ್ಚಿದೆ ಎಂದು ಅಂದು ತಿಳಿದವರಲ್ಲಿ ಆರು ತಿಂಗಳ ನಂತರ ಎಷ್ಟು ಮಂದಿಗೆ ಅದು ಹತೋಟಿಗೆ ಬಂದಿದೆ? ಈ ಪ್ರಶ್ನೆಗೆ ಉತ್ತರ ಹೇಳಬಲ್ಲ ಪದಾಧಿಕಾರಿಗಳು ವಿರಳ.

ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಮೂವತ್ತು ವರ್ಷ ಕುಳಿತ ಒಬ್ಬ ಸದಸ್ಯರನ್ನು ನೆನೆಯಬಹುದು. ಇಂಥವರು ಪ್ರತಿಯೊಂದು ಸಂಘದಲ್ಲೂ ಇದ್ದಾರೆ. ಶಿಬಿರದಲ್ಲಿ ಬಿ.ಪಿ. 168 ಎಂದು ಚೀಟಿಯಲ್ಲಿ ಬರೆದುಕೊಡುತ್ತಾರೆ, ಡಾಕ್ಟರಿಗೆ ತೋರಿಸಿ ಎನ್ನುತ್ತಾರೆ. ತಲೆನೋವಿಲ್ಲ, ತಲೆಸುತ್ತಿಲ್ಲ, ಮತ್ತೇಕೆ ಮಾತ್ರೆ ಎಂದು ಚೀಟಿ ಅಂಗಿಯ ಕಿಸೆಯಲ್ಲೇ ಉಳಿಯುತ್ತದೆ. ಮರುವರ್ಷ ಅದೇ ಸಾಲು, ಅಷ್ಟೇ ಬಿ.ಪಿ., ಇನ್ನೊಂದು ಚೀಟಿ. ಮೂರನೆಯ ವರ್ಷ ಪಾರ್ಶ್ವವಾಯು ಬಡಿದು ಆಸ್ಪತ್ರೆ ಸೇರಿದಾಗ ಅದೇ ಸಂಘ ಅವರ ಮನೆಯವರಿಗೆ ವೈದ್ಯಕೀಯ ನೆರವಿನ ಚೆಕ್ ಹಸ್ತಾಂತರಿಸುತ್ತದೆ. ಅದರ ಛಾಯಾಚಿತ್ರವೂ ಪ್ರಕಟವಾಗುತ್ತದೆ. ಕಾಯಿಲೆಯನ್ನು ಎರಡು ಬಾರಿ ಕಣ್ಣಾರೆ ಕಂಡಿದ್ದ ಸಂಘ ಅದನ್ನು ತಡೆಯಲು ಮಾತ್ರ ಆಗಲಿಲ್ಲ.

ಇದು ಒಬ್ಬಿಬ್ಬರ ಮಾತಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದ ಎಲ್ಲ ರಾಜ್ಯಗಳಲ್ಲಿ 1.13 ಲಕ್ಷ ವಯಸ್ಕರನ್ನು ಪರೀಕ್ಷಿಸಿದ ಅಧ್ಯಯನದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಶೇ. 35.5 ಮಂದಿಗೆ ಅಧಿಕ ರಕ್ತದೊತ್ತಡವಿದೆ, ಶೇ. 11.4 ಮಂದಿಗೆ ಸಕ್ಕರೆ ಕಾಯಿಲೆಯಿದೆ. ಅಂದರೆ ಸಂಘದ ಮಹಾಸಭೆಯಲ್ಲಿ ಮುನ್ನೂರು ಮಂದಿ ಸೇರಿದರೆ ನೂರು ಮಂದಿ ಅಧಿಕ ರಕ್ತದೊತ್ತಡದವರು ಎಂದು ಲೆಕ್ಕ ಹಾಕಬಹುದು. ನೋವು ಕೊಡದ ಕಾಯಿಲೆಯಾದ್ದರಿಂದ ಅವರಲ್ಲಿ ಹಲವರಿಗೆ ಅದರ ಅರಿವೇ ಇರುವುದಿಲ್ಲ.

ಹಾಗಾದರೆ ಶಿಬಿರಗಳ ಸಂಖ್ಯೆ ಹೆಚ್ಚಿಸಿದರೆ ಸಾಕೇ? ಸಂಶೋಧನೆ ಇಲ್ಲಿ ಎಚ್ಚರಿಕೆಯ ಮಾತು ಹೇಳುತ್ತದೆ. ಆರೋಗ್ಯವಂತರನ್ನು ಕರೆದು ಸಾಮಾನ್ಯ ತಪಾಸಣೆ ಮಾಡುವುದರಿಂದ ಸಾವು ಕಡಿಮೆಯಾಗುತ್ತದೆಯೇ ಎಂದು ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಶೋಧಕರ ಸಂಘಟನೆ ಪರಿಶೀಲಿಸಿತು. ಎರಡೂವರೆ ಲಕ್ಷ ಜನರನ್ನು ಒಳಗೊಂಡ 17 ಪ್ರಯೋಗಗಳನ್ನು ಒಟ್ಟಾಗಿ ನೋಡಿದ 2019ರ ವರದಿ, ಒಟ್ಟು ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಇಲ್ಲವೇ ಇಲ್ಲ ಎನ್ನುವಷ್ಟು ಅಲ್ಪ ಎಂದು ಹೇಳಿತು. ಈ ಪ್ರಯೋಗಗಳು ಹೆಚ್ಚಾಗಿ ನಡೆದದ್ದು ಯುರೋಪ್ ಮತ್ತು ಅಮೆರಿಕಗಳಲ್ಲಿ. ಅಲ್ಲಿ ಕುಟುಂಬ ವೈದ್ಯರ ವ್ಯವಸ್ಥೆ ಬಲವಾಗಿರುವ ಕಡೆ ಕಾಯಿಲೆ ಹೇಗೂ ಕಣ್ಣಿಗೆ ಬೀಳುತ್ತದೆ. ಭಾರತಕ್ಕೆ ಇದನ್ನು ಹಾಗೆಯೇ ಅನ್ವಯಿಸಲಾಗದು ಎಂಬ ವಾದದಲ್ಲಿ ಹುರುಳಿದೆ. ಆದರೂ ಒಂದು ಪಾಠ ಎಲ್ಲ ಕಡೆಗೂ ಸಲ್ಲುತ್ತದೆ: ಅಳೆಯುವುದರಿಂದ ಯಾರೂ ಗುಣವಾಗುವುದಿಲ್ಲ, ಅಳೆದ ಮೇಲೆ ನಡೆಯುವ ಕೆಲಸದಿಂದ ಗುಣವಾಗುತ್ತಾರೆ.

ಇದಕ್ಕೆ ಸ್ಪಷ್ಟ ನಿದರ್ಶನ ಅಮೆರಿಕದ ಲಾಸ್ ಏಂಜಲೀಸ್ ನಗರದ ಕ್ಷೌರದಂಗಡಿಗಳು. ಅಲ್ಲಿನ ಕಪ್ಪು ಜನರಿಗೆ ಕ್ಷೌರದಂಗಡಿ ಎಂದರೆ ಇಲ್ಲಿನ ಸಂಘದ ಕಚೇರಿಯಿದ್ದಂತೆ, ನಾಲ್ಕು ಮಾತಿಗೆ ಸೇರುವ ಜಾಗ. ಡಾ. ರೊನಾಲ್ಡ್ ವಿಕ್ಟರ್ ಅವರ ತಂಡ 52 ಕ್ಷೌರದಂಗಡಿಗಳ 319 ಗಿರಾಕಿಗಳ ಮೇಲೆ ನಡೆಸಿದ ಪ್ರಯೋಗ 2018ರಲ್ಲಿ ಪ್ರಕಟವಾಯಿತು. ಒಂದು ಗುಂಪಿನವರಿಗೆ ಕ್ಷೌರಿಕರು ಡಾಕ್ಟರಿಗೆ ತೋರಿಸಿ, ಜೀವನಕ್ರಮ ತಿದ್ದಿಕೊಳ್ಳಿ ಎಂದು ಬುದ್ಧಿ ಹೇಳಿದರು. ಇನ್ನೊಂದು ಗುಂಪಿನವರಿಗೆ ಔಷಧ ತಜ್ಞರು ಅಂಗಡಿಗೇ ಬಂದು, ಗಿರಾಕಿಯ ವೈದ್ಯರ ಒಪ್ಪಿಗೆಯಂತೆ ಔಷಧ ಕೊಟ್ಟು, ಮತ್ತೆ ಮತ್ತೆ ಅಳೆದು ನೋಡಿದರು. ಆರು ತಿಂಗಳಲ್ಲಿ ಬುದ್ಧಿಮಾತಿನ ಗುಂಪಿನಲ್ಲಿ ಮೇಲಿನ ಬಿ.ಪಿ. ಸರಾಸರಿ 9 ಅಂಶ ಇಳಿದರೆ, ಔಷಧ ಮತ್ತು ಅನುಸರಣೆಯ ಗುಂಪಿನಲ್ಲಿ 27 ಅಂಶ ಇಳಿಯಿತು. ನಮ್ಮ ಶಿಬಿರಗಳು ಇಂದು ಇರುವುದು ಮೊದಲ ಗುಂಪಿನಲ್ಲಿ.

ಅಮೆರಿಕದ ಮಾತು ಇಲ್ಲಿಗೇಕೆ ಎನ್ನುವವರಿಗೆ ನೆರೆಹೊರೆಯ ಉದಾಹರಣೆಯೂ ಇದೆ. ಬಾಂಗ್ಲಾದೇಶ, ಪಾಕಿಸ್ತಾನ ಮತ್ತು ಶ್ರೀಲಂಕಾಗಳ 30 ಗ್ರಾಮೀಣ ಪ್ರದೇಶಗಳಲ್ಲಿ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಿ.ಪಿ. ಅಳೆದು, ತಿಳಿವಳಿಕೆ ಹೇಳಿ, ಅಗತ್ಯವಿದ್ದವರನ್ನು ವೈದ್ಯರ ಬಳಿ ಕಳುಹಿಸಿದರು. ಎರಡು ವರ್ಷಗಳ ಬಳಿಕ, ಎಂದಿನ ಚಿಕಿತ್ಸೆಯ ಪ್ರದೇಶಗಳಿಗಿಂತ ಅಲ್ಲಿ ಸುಮಾರು 5 ಅಂಶ ಹೆಚ್ಚು ಇಳಿಕೆ ಕಂಡುಬಂತು ಎಂದು 2020ರ ವರದಿ ತಿಳಿಸಿತು. ಭಾರತದಲ್ಲಿಯೂ 2017ರಲ್ಲಿ ಆರಂಭವಾದ ರಕ್ತದೊತ್ತಡ ನಿಯಂತ್ರಣ ಉಪಕ್ರಮದ ತಿರುಳು ಇದೇ. ಸರಳ ಚಿಕಿತ್ಸಾ ಕ್ರಮ, ಔಷಧದ ತಡೆಯಿಲ್ಲದ ಪೂರೈಕೆ, ಪ್ರತಿ ರೋಗಿಯ ದಾಖಲೆ, ಬಾರದವರಿಗೆ ನೆನಪಿಸುವುದು, ಇಷ್ಟೇ. ಮೊದಲು ಕೈಗೆತ್ತಿಕೊಂಡ ಐದು ರಾಜ್ಯಗಳಲ್ಲಿ ಮಹಾರಾಷ್ಟ್ರ ಮತ್ತು ತೆಲಂಗಾಣಗಳೂ ಇದ್ದವು. 2022ರಲ್ಲಿ ಈ ಕಾರ್ಯಕ್ಕೆ ವಿಶ್ವಸಂಸ್ಥೆಯ ಪ್ರಶಸ್ತಿಯೂ ಬಂತು.

ಇಲ್ಲಿ ಸರಕಾರದ ನೀತಿಯ ಪ್ರಶ್ನೆಯೂ ಏಳುತ್ತದೆ. 2018ರ ಆಯುಷ್ಮಾನ್ ಭಾರತ ವಿಮಾ ಯೋಜನೆ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ವರೆಗೆ ಆಸ್ಪತ್ರೆ ಚಿಕಿತ್ಸೆ ನೀಡುತ್ತದೆ. 2024ರ ಅಕ್ಟೋಬರಿನಿಂದ 70 ವರ್ಷ ತುಂಬಿದ ಎಲ್ಲರಿಗೂ, ಆದಾಯದ ಮಿತಿಯಿಲ್ಲದೆ, ಇದು ವಿಸ್ತರಣೆಯಾಗಿದೆ. ಹಿರಿಯ ಸದಸ್ಯರಿಗೆ ಈ ಕಾರ್ಡ್ ಮಾಡಿಸಿಕೊಡುವುದು ಸಂಘಗಳು ಮಾಡಬಹುದಾದ ಒಳ್ಳೆಯ ಕೆಲಸ. ಆದರೆ ಈ ವಿಮೆ ಆಸ್ಪತ್ರೆಗೆ ದಾಖಲಾದವರಿಗೆ. ಆಸ್ಪತ್ರೆ ಸೇರದಂತೆ ಕಾಯುವ ದಿನನಿತ್ಯದ ಮಾತ್ರೆಗೆ ಅಲ್ಲ. ಹೆಚ್ಚಿನವರ ಮೆಡಿಕ್ಲೈಮ್ ಪಾಲಿಸಿಗಳದ್ದೂ ಇದೇ ಸ್ಥಿತಿ. 2017ರ ರಾಷ್ಟ್ರೀಯ ಆರೋಗ್ಯ ನೀತಿ, 2025ರೊಳಗೆ ಸರಕಾರದ ಆರೋಗ್ಯ ವೆಚ್ಚ ಒಟ್ಟು ಆಂತರಿಕ ಉತ್ಪನ್ನದ ಶೇ. 2.5ಕ್ಕೆ ಏರಬೇಕು, ಅದರಲ್ಲಿ ಮೂರನೆಯ ಎರಡು ಭಾಗ ಪ್ರಾಥಮಿಕ ಚಿಕಿತ್ಸೆಗೆ ಹೋಗಬೇಕು ಎಂದಿತ್ತು. 2021-22ರ ಲೆಕ್ಕದಲ್ಲಿ ಆ ವೆಚ್ಚ ಶೇ. 1.84 ಮಾತ್ರ. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇ. 39.4ರಷ್ಟನ್ನು ಜನ ತಮ್ಮ ಕಿಸೆಯಿಂದಲೇ ಭರಿಸಿದ್ದಾರೆ. ದೊಡ್ಡ ಆಸ್ಪತ್ರೆ ಮೊದಲೋ, ಗಲ್ಲಿಯ ದವಾಖಾನೆ ಮೊದಲೋ ಎಂಬ ಚರ್ಚೆ ಸಂಸತ್ತಿಗೆ ಮಾತ್ರ ಸೇರಿದ್ದಲ್ಲ, ತಿಂಗಳ ಕೊನೆಯಲ್ಲಿ ಮಾತ್ರೆ ಬಿಡಬೇಕೇ ಎಂದು ಯೋಚಿಸುವ ಮನೆಗೂ ಸೇರಿದ್ದು.

ಸರಕಾರ ಮಾಡಬೇಕಾದ್ದನ್ನು ಕೇಳುತ್ತಿರಬೇಕು. ಅದರ ಜೊತೆಗೆ ಸಂಘಗಳು ಮಾಡಬಹುದಾದದ್ದೂ ಇದೆ, ಅದಕ್ಕೆ ದೊಡ್ಡ ದಾನಿಗಳೂ ಬೇಕಿಲ್ಲ. ಒಂದು ಒಳ್ಳೆಯ ಬಿ.ಪಿ. ಯಂತ್ರ, ಒಂದು ನೋಟು ಪುಸ್ತಕ, ವಾರಕ್ಕೆ ಎರಡು ಗಂಟೆ ಕೊಡಬಲ್ಲ ಇಬ್ಬರು ಕಾರ್ಯಕರ್ತರು ಸಾಕು. ನಿವೃತ್ತ ನರ್ಸ್, ಶಿಕ್ಷಕ, ಬ್ಯಾಂಕ್ ನೌಕರರಿಗೆ ಯಾವ ಸಂಘದಲ್ಲೂ ಕೊರತೆಯಿಲ್ಲ. ಶಿಬಿರದಲ್ಲಿ ಬಿ.ಪಿ. ಹೆಚ್ಚಿದ್ದವರ ಹೆಸರು, ಫೋನು ಅವರ ಒಪ್ಪಿಗೆಯಿಂದ ಬರೆದಿಟ್ಟುಕೊಳ್ಳಬೇಕು. ಒಮ್ಮೆ ಹೆಚ್ಚಿದ್ದ ಮಾತ್ರಕ್ಕೆ ಕಾಯಿಲೆ ಎನ್ನಲಾಗದು, ಬೇರೆ ದಿನ ಮತ್ತೆ ಅಳೆಯಬೇಕು. ಆದ್ದರಿಂದ ತಿಂಗಳಿಗೊಂದು ಭಾನುವಾರ ಇದಕ್ಕೆ ಮೀಸಲಿರಲಿ. ಬಾರದವರಿಗೆ ಫೋನು ಹೋಗಲಿ. ಹತ್ತಿರದ ಪಾಲಿಕೆ ದವಾಖಾನೆ ಎಲ್ಲಿದೆ, ಜನೌಷಧಿ ಅಂಗಡಿ ಎಲ್ಲಿದೆ ಎಂಬ ಪಟ್ಟಿ ಸೂಚನಾ ಫಲಕದಲ್ಲಿರಲಿ. ರಾತ್ರಿ ಹನ್ನೊಂದರವರೆಗೆ ಹೋಟೆಲಿನಲ್ಲಿ ದುಡಿಯುವವರಿಗೆ ಅವರ ಬಿಡುವಿನ ಮಧ್ಯಾಹ್ನವೇ ಅನುಕೂಲ.

ಭಾಷೆಯ ವಿಷಯದಲ್ಲಿ ಸಂಘಗಳ ಪಾತ್ರ ಇನ್ನೂ ದೊಡ್ಡದು. ಊರಿಂದ ಮಗನ ಮನೆಗೆ ಬಂದ ವೃದ್ಧ ತಾಯಿಗೆ ಹಿಂದಿ, ಮರಾಠಿ, ತಮಿಳಿನಲ್ಲಿ ವೈದ್ಯರು ಹೇಳಿದ್ದು ಅರ್ಧವೇ ಅರ್ಥವಾಗುತ್ತದೆ. ಬಿ.ಪಿ. ಇಳಿಯಿತೆಂದು ಮಾತ್ರೆ ನಿಲ್ಲಿಸಬಾರದು, ಮಾತ್ರೆಯಿಂದಲೇ ಅದು ಇಳಿದಿದೆ ಎಂಬ ಒಂದು ಮಾತನ್ನು ಕನ್ನಡದಲ್ಲೋ ತುಳುವಿನಲ್ಲೋ ಹೇಳುವವರು ಬೇಕು. ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ ಉಪ್ಪು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದನ್ನು ಉಪ್ಪಿನಕಾಯಿ, ಹಪ್ಪಳ, ಒಣಮೀನಿನ ಲೆಕ್ಕದಲ್ಲಿ ತಿಳಿಸುವವರೂ ಬೇಕು. ಆ ಕೆಲಸ ಯಾವ ಆಸ್ಪತ್ರೆಯಿಂದಲೂ ಆಗದು.

ಎಚ್ಚರಿಕೆಯೂ ಅಗತ್ಯ. ಸಂಘ ಆಸ್ಪತ್ರೆಯಲ್ಲ. ಕಾರ್ಯಕರ್ತರು ಮಾತ್ರೆ ಸೂಚಿಸಬಾರದು, ಒಬ್ಬರ ಮಾತ್ರೆ ಇನ್ನೊಬ್ಬರಿಗೆ ದಾಟಿಸಬಾರದು. ಸದಸ್ಯರ ಕಾಯಿಲೆ ಸಭೆಯ ಮಾತಾಗಬಾರದು. ಬಿ.ಪಿ. ತೀರಾ ಏರಿದ್ದು ಎದೆನೋವು, ಉಸಿರಾಟದ ತೊಂದರೆ ಇದ್ದರೆ, ಮುಖ ಸೊಟ್ಟಗಾದರೆ, ಕೈಕಾಲಿನ ಬಲ ತಪ್ಪಿದರೆ ಆ ಕ್ಷಣವೇ ಆಸ್ಪತ್ರೆಗೆ ಕಳುಹಿಸಬೇಕು.

ಬರುವ ವರ್ಷದ ಶಿಬಿರದ ವರದಿಯಲ್ಲಿ ಪ್ರಯೋಜನ ಪಡೆದವರ ಸಂಖ್ಯೆಯ ಕೆಳಗೆ ಇನ್ನೊಂದು ಸಾಲು ಸೇರಲಿ: ಕಳೆದ ಬಾರಿ ಬಿ.ಪಿ. ಹೆಚ್ಚಿದ್ದ ಇಷ್ಟು ಮಂದಿಯಲ್ಲಿ ಇಷ್ಟು ಮಂದಿಗೆ ಈಗ ಹತೋಟಿಯಲ್ಲಿದೆ ಎಂದು. ಮೊದಲ ವರ್ಷ ಆ ಸಂಖ್ಯೆ ಚಿಕ್ಕದೇ ಇದ್ದೀತು. ಆದರೂ ಅದನ್ನು ಬರೆಯುವ ಸಂಘ, ಸಹಾಯಧನದ ಚೆಕ್ ಬರೆಯಬೇಕಾದ ಒಂದೆರಡು ಸಂದರ್ಭಗಳನ್ನಾದರೂ ತಪ್ಪಿಸಬಲ್ಲದು.