ಅಂಗಳದ ತೆರೆಗೆ ಎಷ್ಟು ಬೆಳಕು?

ಇರುಳಿನಲ್ಲಿ ಮನೆಮಂದಿಯೆಲ್ಲ ಕುಳಿತು ಚಲನಚಿತ್ರ ನೋಡಲು ಅಗ್ಗದ ಕಿರು ಪ್ರೊಜೆಕ್ಟರನ್ನು ಕೊಳ್ಳುವವರು ಮೊದಲು ವಿಚಾರಿಸಬೇಕಾದುದು ಚಿತ್ರದ ಗಾತ್ರವನ್ನಲ್ಲ, ಬೆಳಕಿನ ಪ್ರಮಾಣವನ್ನು ಎಂಬುದು ನಮ್ಮ ಅಭಿಪ್ರಾಯ. 200 ಲ್ಯೂಮೆನ್ ಬೆಳಕು 1 ಚದರ ಮೀಟರ್ ತೆರೆಯನ್ನು ಚೆನ್ನಾಗಿ ಬೆಳಗುತ್ತದೆ. ತೆರೆಯ ಉದ್ದಗಲಗಳನ್ನು ಇಮ್ಮಡಿಗೊಳಿಸಿದರೆ ವಿಸ್ತೀರ್ಣ ನಾಲ್ಮಡಿಯಾಗಿ, ಪ್ರತಿ ಚದರ ಮೀಟರಿಗೆ ದೊರೆಯುವುದು 50 ಲ್ಯೂಮೆನ್ ಮಾತ್ರ. ಆದುದರಿಂದ ಬರಿಯ ‘ಸಾವಿರಾರು ಲ್ಯೂಮೆನ್’ ಎಂಬ ಜಾಹೀರಾತಿಗೆ ಮರುಳಾಗದೆ, ತೆರೆಯ 9 ಸ್ಥಾನಗಳಲ್ಲಿ ಅಳೆದು ಹೇಳುವ ‘ಆನ್ಸಿ ಲ್ಯೂಮೆನ್’ ಸಂಖ್ಯೆಯನ್ನೇ ಕೇಳಬೇಕು. ಕೊಳ್ಳುವ ಮುನ್ನ ಕತ್ತಲೆಯಲ್ಲಿ ಬಿಳಿಯ ಪಂಚೆಯ ಮೇಲೆ ಚಿತ್ರವನ್ನು ಮೂಡಿಸಿ ನೋಡುವುದು ಲೇಸು. ಚಳ್ಳಕೆರೆಯಲ್ಲಿ ಶೇಂಗಾ ಬೆಳೆದೋ, ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೆಯ್ದೋ ಹಿರಿಯರು ಗಳಿಸಿದ ಹಣವಿದು. ಈ ಸಣ್ಣ ಲೆಕ್ಕವನ್ನು ಅವರಿಗೆ ಮಾಡಿ ತೋರಿಸುವುದು ವಿಜ್ಞಾನ ಕಲಿತ ವಿದ್ಯಾರ್ಥಿಯ ಕರ್ತವ್ಯವಲ್ಲವೆ?